ಅಂಚಿನಲ್ಲಿ ಬರೆದಿದ್ದ ಪ್ರಶ್ನೆ

ಮೀಟಿಂಗ್ ಮುಗಿಸುವಾಗ ನಾನು ಯಾವಾಗಲೂ ಒಂದೇ ಮಾತು ಕೇಳುತ್ತಿದ್ದೆ. "ಎಲ್ಲರಿಗೂ ಗೊತ್ತಾಯ್ತಲ್ವಾ?" ಏಳು ಜನರೂ ತಲೆ ಆಡಿಸುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋಗುತ್ತಿದ್ದೆ. ಟೀಮ್ ಲೀಡ್ ಆದಮೇಲೆ ಎರಡು ವರ್ಷ ಹೀಗೇ ನಡೆದಿತ್ತು.

ಆ ಶನಿವಾರ ರಾತ್ರಿ ಒಬ್ಬ ಗ್ರಾಹಕರ ಡೇಟಾವನ್ನು ಹೊಸ ಸರ್ವರ್‌ಗೆ ಸಾಗಿಸುವ ಕೆಲಸವಿತ್ತು. ಸಂಜೆ ಎಲ್ಲರನ್ನೂ ಕೂರಿಸಿಕೊಂಡು ಯಾರು ಏನು ಮಾಡಬೇಕು ಅಂತ ಹೇಳಿದೆ. ಕೊನೆಗೆ ಹೇಳಿದ್ದು ಇಷ್ಟು: "ಕಾಪಿ ಸರಿಯಾಗಿ ಬಂದಿದೆ ಅಂತ ಖಾತ್ರಿಯಾದ ಮೇಲೆ ಹಳೇದನ್ನು ಅಳಿಸಿಬಿಡಿ." ನನ್ನ ತಲೆಯಲ್ಲಿದ್ದ ಹಳೇದು ಅಂದರೆ ಹೋದ ವಾರ ಪರೀಕ್ಷೆಗೆ ಅಂತ ಹಾಕಿದ್ದ ಕಾಪಿ. ಮೂಲ ಡೇಟಾ ಇನ್ನೂ ಒಂದು ತಿಂಗಳು ಇರಬೇಕಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳಲೇ ಇಲ್ಲ.

ರಾತ್ರಿ 1.40ಕ್ಕೆ ಫೋನ್ ಬಂತು. "ಮೇಡಂ, ಹಳೇದು ಅಂದ್ರೆ ಇದೇ ಅಲ್ವಾ..." ಹುಡುಗಿಯ ಧ್ವನಿ ನಡುಗುತ್ತಿತ್ತು. ಮೂಲ ಡೇಟಾ ಅಳಿಸಿಹೋಗಿತ್ತು. ಹೊಸ ಕಾಪಿಯಲ್ಲಿ ದಾಖಲೆಗಳ ಎಣಿಕೆ ಸರಿಯಿತ್ತು, ಆದರೆ ಅವುಗಳ ಜೊತೆಗಿದ್ದ ಸ್ಕ್ಯಾನ್ ಫೈಲುಗಳು ಬಂದಿರಲಿಲ್ಲ. ಕೈಯಲ್ಲಿದ್ದದ್ದು ಶುಕ್ರವಾರ ರಾತ್ರಿಯ ಬ್ಯಾಕಪ್ ಒಂದೇ.

ಬ್ಯಾಕಪ್ ವಾಪಸ್ ತರುವ ಕೆಲಸಕ್ಕೆ ಮೂವರನ್ನು ಹಚ್ಚಿದೆ. ಗಂಟೆ ಗಂಟೆಗೆ ಏನಾಗುತ್ತಿದೆ ಅಂತ ಬರೆದಿಡಲು ಒಬ್ಬರಿಗೆ ಹೇಳಿದೆ. ಆಮೇಲೆ ನಮ್ಮ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಅವರ ಮೊದಲ ಪ್ರಶ್ನೆ, "ಯಾರು ಮಾಡಿದ್ದು?"

"ನಾನು ಹೇಳಿದ್ದೇ ಸ್ಪಷ್ಟವಾಗಿರಲಿಲ್ಲ ಸರ್. ಸೋಮವಾರ ಪೂರ್ತಿ ಬರೆದು ಕೊಡ್ತೀನಿ, ಹೆಸರು ಬೇಡ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ, "ಸರಿ. ಗ್ರಾಹಕರಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಕೂಡಲೇ ಹೇಳಿದೆ. ಏನಾಗಿದೆ, ನಮಗಿನ್ನೂ ಏನು ಗೊತ್ತಿಲ್ಲ, ಮುಂದಿನ ಫೋನ್ ಎಷ್ಟು ಗಂಟೆಗೆ. ಇಷ್ಟೇ. ಬೆಳಗಿನ ಐದಕ್ಕೆ ಹೊಸದಾಗಿ ಹೇಳಲು ಏನೂ ಇರಲಿಲ್ಲ, ಆದರೂ ಮಾಡ್ತೀನಿ ಅಂದಿದ್ದಕ್ಕೆ ಮಾಡಿದೆ. ಅವರಿಗೆ ಕೋಪ ಇತ್ತು, ಇರಲೇಬೇಕಲ್ವಾ? ಆದರೆ ಆ ಐದು ಗಂಟೆಯ ಫೋನಿನ ನಂತರ ಅವರು ಕೂಗಾಡಲಿಲ್ಲ. ಶನಿವಾರ ಒಂದು ದಿನದ ಫೈಲುಗಳನ್ನು ಮತ್ತೆ ಕಳಿಸಲು ಒಪ್ಪಿಕೊಂಡರು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಹೋಯಿತು.

ಸೋಮವಾರ ಟೀಮಿನ ಜೊತೆ ಕೂತೆ. ಯಾರು ತಪ್ಪಿದರು ಅನ್ನುವುದು ಬೇಡ, ಯಾವ ಹಂತದಲ್ಲಿ ತಪ್ಪಿತು ಅಂತ ಮಾತ್ರ ನೋಡೋಣ ಅಂದೆ. ಯಾವಾಗಲೂ ಮೂಲೆಯಲ್ಲಿ ಸುಮ್ನೆ ಕೂರುವ ಹುಡುಗ ತನ್ನ ನೋಟ್‌ಬುಕ್ ತೆರೆದು ನನ್ನ ಮುಂದೆ ಇಟ್ಟ. ಶನಿವಾರ ನಾನು ಹೇಳಿದ ವಾಕ್ಯವನ್ನು ಹಾಗೇ ಬರೆದುಕೊಂಡಿದ್ದ. 'ಹಳೇದನ್ನು' ಅನ್ನುವ ಪದದ ಕೆಳಗೆ ಪೆನ್ಸಿಲ್ ಗೆರೆ. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ, 'ಯಾವುದು?'

"ಮತ್ಯಾಕೆ ಕೇಳಲಿಲ್ಲ?"

"ಅದಕ್ಕೂ ಮುಂಚಿನ ಮೀಟಿಂಗ್‌ನಲ್ಲಿ ಒಂದು ಕೇಳಿದ್ದೆ ಮೇಡಂ. 'ಮೊನ್ನೇನೇ ಹೇಳಿದ್ನಲ್ಲ' ಅಂದ್ರಿ."

ನನಗೆ ಅದು ನೆನಪೇ ಇರಲಿಲ್ಲ. ಅವನಿಗೆ ಇತ್ತು.

ಆ ದಿನಗಳಲ್ಲೇ 1977ರ ಟೆನೆರಿಫ್ ವಿಮಾನ ದುರಂತದ ಬಗ್ಗೆ ಓದಿದೆ. ಮಂಜು ಕವಿದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಹಾರಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು, ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿದೆಯೋ ಇಲ್ಲವೋ ಅಂತ. ಕೇಳಿದರು ಕೂಡ. ಹೋಗಿದೆ ಅಂದರು ಕ್ಯಾಪ್ಟನ್. ಅವರು ಮತ್ತೆ ಕೇಳಲಿಲ್ಲ. ಆಮೇಲೆ ವಿಮಾನಯಾನದಲ್ಲಿ ಮಾತಾಡುವ ರೀತಿಯೇ ಬಿಗಿಯಾಯಿತು. ಬರೀ 'ಓಕೆ' ಅಂದರೆ ಸಾಲದು, ಕೇಳಿಸಿಕೊಂಡ ಸೂಚನೆಯನ್ನು ತಿರುಗಿ ಹೇಳಬೇಕು. ಕಿರಿಯರು ಅನುಮಾನವನ್ನು ಬಾಯಿಬಿಟ್ಟು ಹೇಳುವುದಕ್ಕೂ ಕ್ಯಾಪ್ಟನ್‌ಗಳು ಅದನ್ನು ಕೇಳಿಸಿಕೊಳ್ಳುವುದಕ್ಕೂ ತರಬೇತಿ ಶುರುವಾಯಿತು. ನಮ್ಮ ಕೆಲಸದಲ್ಲಿ ಯಾರ ಜೀವವೂ ಹೋಗುವುದಿಲ್ಲ, ಹೋಲಿಸಬಾರದು. ಆದರೂ ಆ ಎಂಜಿನಿಯರ್ ಪ್ರಶ್ನೆ ಓದುವಾಗ ನನ್ನ ಕಣ್ಣ ಮುಂದೆ ಬಂದಿದ್ದು ಪೆನ್ಸಿಲ್‌ನಲ್ಲಿ ಬರೆದ ಆ 'ಯಾವುದು?'

ಈಗ ಗೊತ್ತಾಯ್ತಾ ಅಂತ ನಾನು ಕೇಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ತಮ್ಮ ಮಾತಲ್ಲಿ ತಿರುಗಿ ಹೇಳುತ್ತಾರೆ. ಮೊದಮೊದಲು ಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು, ಮುಖದಲ್ಲಿ ಇರುಸುಮುರುಸು ಕಾಣುತ್ತಿತ್ತು. ಅದಕ್ಕೇ ನನ್ನ ಪಾಲಿನ ಕೆಲಸವನ್ನು ನಾನೇ ಮೊದಲು ಹೇಳಿ, ಎಲ್ಲಿ ತಪ್ಪಿದೆ ಹುಡುಕಿ ಅನ್ನತೊಡಗಿದೆ. ಒಂದೆರಡು ತಿಂಗಳು ಹಿಡಿಯಿತು.

ಹೋದ ತಿಂಗಳು ಅಂಥದ್ದೇ ಇನ್ನೊಂದು ಕೆಲಸ ಬಂತು. ನಾನು ಹಂತಗಳನ್ನು ಹೇಳುತ್ತಿದ್ದೆ. ಮಧ್ಯದಲ್ಲಿ ಆ ಹುಡುಗ ಕೈ ಎತ್ತಿದ.

"ಮೇಡಂ, ಒಂದ್ನಿಮಿಷ. ಈಗ 'ಆ ಫೋಲ್ಡರ್' ಅಂದ್ರಿ. ಯಾವುದು?"

ಉತ್ತರ ನನ್ನ ಬಾಯಲ್ಲೇ ಇತ್ತು. ಆದರೂ ಪಟ್ಟಿ ತೆಗೆದು ಇಬ್ಬರೂ ನೋಡಿದೆವು. ಅದೇ ಹೆಸರಿನವು ಎರಡು ಇದ್ದವು.