ಬೆಂಗಳೂರಿಂದ ಗೋವಾ ಕ್ಯಾಸಿನೋಗೆ ಹೋಗೋರು ಇದೊಂದು ಓದ್ಕೊಂಡು ಹೋಗಿ

ಬೆಂಗಳೂರಲ್ಲಿ ಕ್ಯಾಸಿನೋ ಇಲ್ಲ, ಹಂಗಾಗಿ ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ ಹತ್ರ ಸ್ಲೀಪರ್ ಬಸ್ ಹತ್ತಿದ್ರೆ ಬೆಳಿಗ್ಗೆ ಪಣಜಿ. ಫ್ಲೈಟಲ್ಲಿ ಹೋಗೋರು ಮೋಪಾ ಏರ್‌ಪೋರ್ಟಿಂದ ಟ್ಯಾಕ್ಸಿ ರೇಟ್ ಮೊದಲೇ ಕೇಳ್ಕೊಳ್ಳಿ, ಆಮೇಲೆ ಹೊಟ್ಟೆ ಉರ್ಕೋಬೇಡಿ.

ಪಣಜಿಯ ದೊಡ್ಡ ಕ್ಯಾಸಿನೋಗಳೆಲ್ಲ ಮಾಂಡೋವಿ ನದೀಲಿ ನಿಂತಿರೋ ಹಡಗುಗಳು. ಗೋವಾ ಕಾನೂನಲ್ಲಿ ನೆಲದ ಮೇಲೆ ಫೈವ್ ಸ್ಟಾರ್ ಹೋಟೆಲಲ್ಲಿ ಮೆಷಿನ್ ಆಟಕ್ಕಷ್ಟೇ ಪರ್ಮಿಷನ್, ಡೀಲರ್ (ಕ್ಯಾಸಿನೋ ಕಡೆಯಿಂದ ಆಟ ನಡೆಸೋರು) ಇಸ್ಪೀಟ್ ಎಲೆ ಹಾಕೋ ಥರದ ಟೇಬಲ್ ಆಟಕ್ಕೆ ಹಡಗೇ ಬೇಕು. ದಡದಿಂದ ಸಣ್ಣ ದೋಣೀಲಿ ಕರ್ಕೊಂಡು ಹೋಗ್ತಾರೆ. 21 ತುಂಬಿರ್ಬೇಕು, ಐಡಿ ಕಾರ್ಡ್ ಇರ್ಲಿ, ಬೀಚಿಂದ ಚಡ್ಡಿ ಚಪ್ಪಲೀಲಿ ನೇರವಾಗಿ ಬರೋ ಪ್ಲಾನ್ ಬೇಡ.

ಎಂಟ್ರಿ ಪ್ಯಾಕೇಜ್ ವೀಕೆಂಡಲ್ಲಿ ಜಾಸ್ತಿ. ಊಟ, ಡ್ರಿಂಕ್ಸ್, ಒಂದಿಷ್ಟು ಚಿಪ್ಸ್ (ತಿನ್ನೋದಲ್ಲ, ದುಡ್ಡಿನ ಬದಲು ಆಟಕ್ಕೆ ಇಡೋ ಬಿಲ್ಲೆ) ಅದರಲ್ಲೇ ಬರುತ್ತೆ, ಆದ್ರೆ ಆ ಚಿಪ್ಸ್ ಆಟಕ್ಕೆ ಮಾತ್ರನಾ ಇಲ್ಲ ಕ್ಯಾಶ್ ಮಾಡ್ಕೋಬಹುದಾ ಅಂತ ಕೌಂಟರಲ್ಲೇ ಕೇಳಿ.

ಒಳಗೆ ಹೋದ ತಕ್ಷಣ ಆಡ್ಬೇಡಿ, ಸುಮ್ನೆ ನಿಂತು ನೋಡಿ. ದುಡ್ಡನ್ನ ಡೀಲರ್ ಕೈಗೆ ಕೊಡಕ್ಕಾಗಲ್ಲ, ಟೇಬಲ್ ಮೇಲೆ ಇಡ್ಬೇಕು, ಅವರು ನೋಟನ್ನ ಸಾಲಾಗಿ ಹರಡಿ ಮೇಲಿರೋ ಕ್ಯಾಮೆರಾಗೆ ಕಾಣೋ ಹಂಗೆ ಎಣಿಸ್ತಾರೆ, ಟೇಬಲ್ ಬಿಟ್ಟು ಹೋಗುವಾಗ ಎರಡೂ ಅಂಗೈ ತಿರುಗಿಸಿ ಖಾಲಿ ಅಂತ ತೋರಿಸಿ ಹೋಗ್ತಾರೆ. ನಂಗಂತೂ ಆಟಕ್ಕಿಂತ ಅದನ್ನ ನೋಡೋದೇ ಮಜಾ ಅನ್ನಿಸ್ತು.

ಎಲ್ಲಾ ಕ್ಯಾಮೆರಾ ಮುಂದೆನೇ ನಡೆಯುತ್ತೆ, ಹಂಗಾದ್ರೆ ಕ್ಯಾಸಿನೋಗೆ ಲಾಭ ಎಲ್ಲಿಂದ? ಮೋಸ ಮಾಡೋ ಅವಶ್ಯಕತೆನೇ ಇಲ್ಲ ಕಣ್ರೀ, ಲೆಕ್ಕದಲ್ಲೇ ಇದೆ. ರೂಲೆಟ್ ಅಂದ್ರೆ ತಿರುಗೋ ಚಕ್ರದಲ್ಲಿ ಗೋಲಿ ಬಿಟ್ಟು ಅದು ಯಾವ ನಂಬರಿನ ಮನೇಲಿ ನಿಲ್ಲುತ್ತೆ ಅಂತ ದುಡ್ಡು ಕಟ್ಟೋ ಆಟ. ಒಂದೇ ಸೊನ್ನೆ ಇರೋ ಚಕ್ರದಲ್ಲಿ 37 ಮನೆ, ಒಂದು ನಂಬರ್ ಮೇಲೆ 100 ರೂಪಾಯಿ ಇಟ್ಟು ಗೆದ್ರೆ ನಿಮ್ಮ 100ರ ಜತೆ 3500 ಕೊಡ್ತಾರೆ, ಸರಿಯಾಗಿ ಲೆಕ್ಕ ಹಾಕಿದ್ರೆ 3600 ಕೊಡ್ಬೇಕಿತ್ತು. ಆ ಗ್ಯಾಪೇ ಅವರ ಸಂಪಾದನೆ, ಸರಾಸರಿ ನೂರಕ್ಕೆ 2.7 ರೂಪಾಯಿ. ಎರಡು ಸೊನ್ನೆ ಇದ್ರೆ 5.26. ನಂಬರ್ ಬಿಟ್ಟು ಮನೆಯ ಬಣ್ಣ ಕೆಂಪಾ ಕಪ್ಪಾ ಅಂತ ಕಟ್ಟಿದ್ರೂ ಅಷ್ಟೇ, ಸೊನ್ನೆ ಬಂದ್ರೆ ಎರಡೂ ಗೋತಾ. ಐದು ಸಲ ಕೆಂಪೇ ಬಂದಿದೆ ಈಗ ಕಪ್ಪು ಬರ್ಲೇಬೇಕು ಅಂತ ಪಕ್ಕದಲ್ಲಿ ಯಾರಾದ್ರೂ ಹೇಳ್ತಾರೆ, ಕೇಳ್ಬೇಡಿ, ಆ ಗೋಲಿಗೆ ಹಿಂದಿನದ್ದೇನೂ ನೆನಪಿರಲ್ಲ. ಹೊತ್ತು ಹೋದಷ್ಟೂ ಈ ಸಣ್ಣ ಪರ್ಸೆಂಟೇಜೇ ಜೇಬು ಖಾಲಿ ಮಾಡುತ್ತೆ, ಅದಕ್ಕೇ ಬಫೆ, ಡ್ಯಾನ್ಸ್ ಷೋ ಎಲ್ಲಾ ಇಟ್ಟು ನಿಮ್ಮನ್ನ ಅಲ್ಲೇ ಕೂರಿಸ್ಕೊಳ್ಳೋದು.

ಆಡೋ ದುಡ್ಡನ್ನ ಬೇರೆ ಇಟ್ಕೊಂಡು ಕಾರ್ಡನ್ನ ರೂಮಲ್ಲೇ ಬಿಟ್ಟು ಹೋಗಿ. ಗೆದ್ರೆ 30 ಪರ್ಸೆಂಟ್ ಇನ್‌ಕಮ್ ಟ್ಯಾಕ್ಸ್ ಇದೆ, ಸೋತಿದ್ದನ್ನ ಅದರಲ್ಲಿ ಕಳೆಯಕ್ಕೆ ಬರಲ್ಲ. ಉಳಿದ ಚಿಪ್ಸನ್ನ ದೋಣಿ ಹತ್ತೋಕೆ ಮುಂಚೆನೇ ಕ್ಯಾಶ್ ಮಾಡಿಸ್ಕೊಳ್ಳಿ, ರಾತ್ರಿ ಹೊತ್ತು ಕೌಂಟರಲ್ಲಿ ಕ್ಯೂ ಇರುತ್ತೆ.