ಹಾಸನದಿಂದ ಬಿಡದಿಗೆ: ಬೇಗ ಸಾಗುವ ಸಾಲಿನ ಬೆಲೆ

ಬೇಸಿಗೆ ರಜೆಯ ಒಂದು ಭಾನುವಾರ ನಸುಕಿನಲ್ಲೇ ಹಾಸನ ಬಿಟ್ಟು, ಚನ್ನರಾಯಪಟ್ಟಣ, ಕುಣಿಗಲ್, ಮಾಗಡಿ ಮಾರ್ಗವಾಗಿ ನಮ್ಮ ಮನೆಯವರೆಲ್ಲ ಬಿಡದಿಯ ವಂಡರ್‌ಲಾ ತಲುಪಿದೆವು. 2005ರಲ್ಲಿ ಆರಂಭವಾದ ಈ ಉದ್ಯಾನದ ಆಟಗಳನ್ನು ಈಗಾಗಲೇ ಅನೇಕರು ವರ್ಣಿಸಿದ್ದಾರೆ. ನನ್ನನ್ನು ಬರೆಯಲು ಕೂರಿಸಿದ್ದು ಟಿಕೆಟ್ ಕೊಳ್ಳುವಾಗ ಎದುರಾದ ಆಯ್ಕೆ: ಸಾಮಾನ್ಯ ಟಿಕೆಟ್ಟೋ, ಹೆಚ್ಚು ಹಣ ತೆತ್ತು ಬೇರೆ ಸಾಲಿನಲ್ಲಿ ಬೇಗ ಒಳಹೋಗುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೋ?

ನಾವು ಸಾಮಾನ್ಯ ಟಿಕೆಟ್ಟನ್ನೇ ಕೊಂಡೆವು. ರೋಲರ್ ಕೋಸ್ಟರ್‌ನ ಸಾಲಿನಲ್ಲಿ ನಮ್ಮ ಮುಂದೆ ಅರಸೀಕೆರೆಯ ಗೃಹಿಣಿಯೊಬ್ಬರು ಮಕ್ಕಳೊಡನೆ ನಿಂತಿದ್ದರು. ಪಕ್ಕದ ಸಾಲಿನವರು ಸರಸರನೆ ಮುಂದೆ ಹೋಗುವುದನ್ನು ನೋಡುತ್ತಾ, ನೀವೇಕೆ ಆ ಟಿಕೆಟ್ ಕೊಳ್ಳಲಿಲ್ಲವೆಂದು ವಿಚಾರಿಸಿದೆ.

“ದುಡ್ಡಿಲ್ಲ ಅಂತಲ್ಲ ಸಾರ್. ನಾವು ಎಂಟು ಜನ ಬಂದಿದೀವಿ. ಎಂಟು ಜನಕ್ಕೂ ತಗೊಂಡ್ರೆ ಇನ್ನೊಂದು ಪ್ರವಾಸದ ಖರ್ಚು. ಇಬ್ಬರಿಗೆ ಮಾತ್ರ ತಗೊಂಡ್ರೆ ಉಳಿದ ಮಕ್ಕಳ ಮುಖ ಹೇಗೆ ನೋಡೋದು?”

ಆಮೇಲೆ ಅವರೇ ಹಾಸನಾಂಬೆಯ ಮಾತೆತ್ತಿದರು. ವರ್ಷಕ್ಕೊಮ್ಮೆ ಕೆಲವೇ ದಿನ ಬಾಗಿಲು ತೆರೆಯುವ ಆ ದೇವಾಲಯದಲ್ಲಿ ಧರ್ಮದರ್ಶನದ ಜೊತೆಗೆ 300 ಮತ್ತು 1000 ರೂಪಾಯಿಯ ವಿಶೇಷ ದರ್ಶನದ ಟಿಕೆಟ್ಟುಗಳಿರುವುದು ನಮ್ಮ ಜಿಲ್ಲೆಯವರಿಗೆಲ್ಲ ಗೊತ್ತು. ಅಲ್ಲಿ ಇವರು ಸಾವಿರದ ಟಿಕೆಟ್ಟನ್ನೇ ಕೊಂಡಿದ್ದರಂತೆ. “ಅತ್ತೆಗೆ ಮಂಡಿನೋವು. ಆ ಸಲ ತಪ್ಪಿದ್ರೆ ಮತ್ತೆ ಒಂದು ವರ್ಷ ಕಾಯಬೇಕಲ್ಲ ಸಾರ್” ಎಂದರು.

ನಮ್ಮ ಕಡೆಯ ಜನ ಯಾವುದಕ್ಕೆ ಹೆಚ್ಚು ಹಣ ಬಿಚ್ಚುತ್ತಾರೆ, ಯಾವುದಕ್ಕೆ ಬಿಚ್ಚುವುದಿಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ನನಗೆ ಹಿಂದೆಂದೂ ಹೊಳೆದಿರಲಿಲ್ಲ. ಅಮೆರಿಕದ ಡಿಸ್ನಿ ಉದ್ಯಾನಗಳಲ್ಲಿ 1999ರಲ್ಲಿ ಬಂದ ಫಾಸ್ಟ್‌ಪಾಸ್ ಎಂಬ ಇಂಥದೇ ಬೇಗ ಒಳಹೋಗುವ ಸೌಲಭ್ಯ ಉಚಿತವಾಗಿತ್ತು. 2021ರಲ್ಲಿ ಅದರ ಜಾಗಕ್ಕೆ ಹಣ ತೆರುವ ಏರ್ಪಾಡು ಬಂತು. 2024ರಲ್ಲಿ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ರವೇಶಶುಲ್ಕವಲ್ಲದೆ ಒಬ್ಬರಿಗೆ ಒಂದು ದಿನಕ್ಕೆ 449 ಡಾಲರ್‌ವರೆಗಿನ ಪಾಸ್ ಮಾರಾಟಕ್ಕೆ ಬಂತು. ದೂರದೇಶದಿಂದ ವಿಮಾನದಲ್ಲಿ ಬಂದವನಿಗೆ ಆ ಒಂದು ದಿನವೇ ಹಾಸನಾಂಬೆಯ ದರ್ಶನದಷ್ಟು ದುರ್ಲಭವಾದ್ದರಿಂದ ಅವನು ಕೊಡುತ್ತಾನೆ. ಆದರೆ ರೋಲರ್ ಕೋಸ್ಟರ್‌ನ ಆಸನಗಳು ಇದರಿಂದ ಒಂದೂ ಹೆಚ್ಚುವುದಿಲ್ಲ. ಒಬ್ಬನಿಗೆ ಉಳಿದ ಹೊತ್ತನ್ನು ಇನ್ನೊಬ್ಬನು ಹೆಚ್ಚು ಕಾದು ತುಂಬಬೇಕು. ಈ ಕಾರಣಕ್ಕೇ ಆ ವ್ಯವಸ್ಥೆ ನನಗೆ ಹಿಡಿಸುವುದಿಲ್ಲ. ಜನ ಕಡಿಮೆಯಿರುವ ವಾರದ ದಿನಗಳಲ್ಲಂತೂ ಅದಕ್ಕೆ ಹಣ ಸುರಿಯುವ ಅಗತ್ಯವೇ ಇಲ್ಲ.

ನೀರಿನ ಆಟಗಳಲ್ಲಿ ಮಧ್ಯಾಹ್ನ ಕಳೆಯಿತು. ಒಂದು ಎಚ್ಚರಿಕೆ ಹೇಳಲೇಬೇಕು: ಅಲ್ಲಿಗೆ ಹತ್ತಿಬಟ್ಟೆ ಸಲ್ಲದು, ನೈಲಾನ್ ಉಡುಪನ್ನು ಮನೆಯಿಂದಲೇ ಒಯ್ಯಿರಿ. ದಾರಿಬದಿಯ ಅಂಗಡಿಯೊಂದರಲ್ಲಿ ನಮ್ಮ ಹುಡುಗನಿಗೆ ಕೊಂಡ ಚಡ್ಡಿಯ ಹೊಲಿಗೆ ಸಂಜೆಯೊಳಗೆ ಬಿಟ್ಟುಹೋಯಿತು. ಅದಕ್ಕೆ ತೆತ್ತ ಬೆಲೆ ಇನ್ನೂ ಮನಸ್ಸನ್ನು ಕೊರೆಯುತ್ತದೆ.

ಸಂಜೆ ಹೊರಬರುವಾಗ ಅದೇ ಗೃಹಿಣಿ ಮತ್ತೆ ಸಿಕ್ಕರು; ಈಗ ಜೊತೆಯಲ್ಲಿ ಅತ್ತೆಯೂ ಇದ್ದರು. ಹಿರಿಯರು ಕಾಲುಚಾಚಿ ಕೂರುವುದಕ್ಕೊಂದು ತಂಪಾದ ಕೋಣೆ, ಬಿಸಿ ಕಾಫಿ, ಓಡಾಡಲು ಬ್ಯಾಟರಿ ಗಾಡಿ, ಇಷ್ಟಕ್ಕೆ ಯಾರಾದರೂ ಇನ್ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡುತ್ತೀರಾ ಎಂದೆ.

“ಅತ್ತೆಗೆ ಅಂದ್ರೆ ಐನೂರು ಬೇಕಾದ್ರೂ ಕೊಡ್ತೀನಿ ಸಾರ್. ಮಕ್ಕಳು ಸಾಲಲ್ಲಿ ನಿಂತ್ಕೊಳ್ಳಲಿ, ಅವಕ್ಕೇನಾಗುತ್ತೆ!”