ಮೇಷ್ಟ್ರು ತೋರಿಸಿದ ಸ್ವೀಡನ್ನಿನ ಮನೆ

ನಮ್ಮ ಇತಿಹಾಸದ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ವಾರವೇ ‘ಟುಗೆದರ್’ ಸಿನಿಮಾ ಮತ್ತೆ ನೋಡಿದೆ. ಲುಕಾಸ್ ಮೂಡಿಸನ್ ನಿರ್ದೇಶನದ, 2000ರಲ್ಲಿ ಬಂದ ಸ್ವೀಡಿಷ್ ಚಿತ್ರ. ನಮ್ಮ ಬ್ಯಾಚಿನವರ ಬಾಯಲ್ಲಿ ಅದು ಇವತ್ತಿಗೂ ‘ಮೇಷ್ಟ್ರ ಸಿನಿಮಾ’. ಶನಿವಾರ ಸಂಜೆ, ಕಾಲೇಜಿನ ಸೆಮಿನಾರ್ ಹಾಲಿನ ಕಿಟಕಿಗಳಿಗೆ ಹಾಸ್ಟೆಲಿನ ಬೆಡ್‌ಶೀಟ್ ಕಟ್ಟಿಸಿ ತೋರಿಸಿದ್ದರು.

ಕತೆ ನಡೆಯುವುದು 1975ರ ಸ್ಟಾಕ್‌ಹೋಮಿನಲ್ಲಿ. ಒಂದೇ ಮನೆ, ಒಂದೇ ಅಡುಗೆಮನೆ, ಮನೆ ತುಂಬ ಎಡಪಂಥೀಯ ಗೆಳೆಯರು. ಕುಡುಕ ಗಂಡ ರೋಲ್ಫ್ ಕೈಯಲ್ಲಿ ಏಟು ತಿಂದ ಎಲಿಸಬೆತ್, ಮಕ್ಕಳಿಬ್ಬರನ್ನು ಕರೆದುಕೊಂಡು ಸೋದರ ಯೋರನ್ ಇರುವ ಆ ಮನೆಗೆ ಬರುತ್ತಾಳೆ. ಶುರುವಿನಲ್ಲೇ ಫ್ರಾಂಕೋ ಸತ್ತ ಸುದ್ದಿ ರೇಡಿಯೋದಲ್ಲಿ ಬರುತ್ತದೆ. ಮನೆಯವರೆಲ್ಲ ಕುಣಿದಾಡುತ್ತಾರೆ. ಮೇಷ್ಟ್ರು ಅಲ್ಲೇ ಸಿನಿಮಾ ನಿಲ್ಲಿಸಿದರು. ಸತ್ತವನಿಗೆ ಇವರ್ಯಾಕೆ ಕುಣೀತಾರೆ ಹೇಳಿ ಅಂದರು. ಯಾರಿಗೂ ಗೊತ್ತಿರಲಿಲ್ಲ. 1939ರಿಂದ ಸಾಯುವವರೆಗೂ ಸ್ಪೇನನ್ನು ಹಿಡಿದಿಟ್ಟ ಸರ್ವಾಧಿಕಾರಿಯ ಕತೆಯನ್ನು, ಕೈಯಲ್ಲಿ ರಿಮೋಟ್ ಹಿಡಿದುಕೊಂಡೇ ಹೇಳಿದರು. ಪಠ್ಯದಲ್ಲಿ ಏನೇನಿತ್ತೋ ಈಗ ಒಂದೂ ನೆನಪಿಲ್ಲ. ಫ್ರಾಂಕೋ ಮಾತ್ರ ಮರೆತಿಲ್ಲ.

ಇನ್ನೊಂದು ಸಲ ನಿಲ್ಲಿಸಿದ್ದು ಅಡುಗೆಮನೆಯ ಜಗಳದಲ್ಲಿ. ‘ಕ್ರಾಂತಿ ಆಮೇಲೆ ನೋಡೋಣ. ಈ ಮನೇಲಿ ಪಾತ್ರೆ ಯಾರು ತೊಳೀತಾರೆ ಅಂತ ಮೊದಲು ನೋಡಿ’ ಅಂದರು. ಅಲ್ಲಿಂದಾಚೆಗೆ ಯಾವ ಸಿನಿಮಾ ನೋಡಿದರೂ ನನ್ನ ಕಣ್ಣು ಸಿಂಕ್ ಕಡೆಗೇ ಹೋಗುತ್ತದೆ.

ಆ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಮಕ್ಕಳಿಗೆ ಸಾಕಾಗಿ, ಮಾಂಸ ಬೇಕು ಅಂತ ಫಲಕ ಹಿಡಿದು ಧರಣಿ ಮಾಡುತ್ತಾರೆ. ನಮಗೆ ಅಷ್ಟು ಸಾಕಾಯಿತು. ಮೆಸ್ಸಿನಲ್ಲಿ ದಿನಾ ಬೆಳಿಗ್ಗೆ ಉಪ್ಪಿಟ್ಟೇ. ಸೋಮವಾರ ರಟ್ಟಿನ ಫಲಕ ಹಿಡಿದು, ತಟ್ಟೆ ಬಡಿಯುತ್ತಾ ಹೊರಟೆವು. ‘ಬೇಕೇ ಬೇಕು, ದೋಸೆ ಬೇಕು!’ ಘೋಷಣೆ ಬರೆದವನು ನಾನೇ, ಮುಂದೆ ನಿಂತು ಕೂಗಿಸಿದವನೂ ನಾನೇ. ಆಮೇಲೆ ಎಷ್ಟೋ ವೇದಿಕೆ ಹತ್ತಿದ್ದೇನೆ, ಚಪ್ಪಾಳೆಯೂ ಗಿಟ್ಟಿಸಿದ್ದೇನೆ. ಮಾತಿನ ಧೈರ್ಯ ಬಂದದ್ದು ಆ ಬೆಳಿಗ್ಗೆ. ವಾರ್ಡನ್ ಕೆಂಡವಾಗಿದ್ದರು. ಮೇಷ್ಟ್ರು ಬಂದು, ನಮಗೆ ಒಂದು ಮಾತೂ ಬಯ್ಯದೆ, ತಟ್ಟೆ ತೆಗೆದುಕೊಂಡು ನಮ್ಮ ಪಕ್ಕ ಕೂತರು. ‘ಬನ್ನಿ ಸಾರ್, ಹುಡುಗರ ಜೊತೆ ತಿನ್ನೋಣ’ ಅಂತ ವಾರ್ಡನ್ನರನ್ನೂ ಕರೆದರು. ಇಬ್ಬರೂ ಆ ಉಪ್ಪಿಟ್ಟು ತಿಂದರು. ಮುಂದಿನ ಭಾನುವಾರದಿಂದ ದೋಸೆ ಬಂತು!

ಆಗ ನಮಗೆ ಹಿಡಿಸಿದ್ದು ಮಕ್ಕಳ ಧರಣಿ. ಈ ಸಲ ಮನಸ್ಸಿಗೆ ತಾಕಿದ್ದು ಬಿರ್ಯೆರ್ ಎಂಬ ಒಂಟಿ ಮುದುಕ. ಅವನು ಬೇಕಂತಲೇ ತನ್ನ ಮನೆಯ ಪೈಪು ಕೆಡಿಸಿ, ಪ್ಲಂಬರ್ ಆಗಿರುವ ರೋಲ್ಫ್‌ನನ್ನು ಕರೆಸಿಕೊಳ್ಳುತ್ತಾನೆ, ಮಾತಿಗೆ ಒಬ್ಬರು ಸಿಗಲಿ ಅಂತ. ಒಬ್ಬನೇ ಕೂತು ಮಾಂಸ ತಿನ್ನುವುದಕ್ಕಿಂತ ಜೊತೆಗೂಡಿ ಗಂಜಿ ಕುಡಿಯೋದು ಮೇಲು ಅನ್ನುವುದು ಅವನ ಲೆಕ್ಕ. ಮೇಷ್ಟ್ರು ಅವನ ದೃಶ್ಯಗಳನ್ನು ಒಮ್ಮೆಯೂ ನಿಲ್ಲಿಸಿರಲಿಲ್ಲ. ಸುಮ್ನೆ ನೋಡುತ್ತಿದ್ದರು. ಅವರೂ ಒಂದು ಕೋಣೆಯಲ್ಲಿ ಒಬ್ಬರೇ ಇದ್ದವರು ಅನ್ನೋದು ಆಗ ನಮಗೆ ಹೊಳೆಯಲೇ ಇಲ್ಲ. ನಮ್ಮನ್ನೆಲ್ಲ ಸಂಜೆ ಹಾಲಿನಲ್ಲಿ ಕೂರಿಸಿಕೊಳ್ಳಲು ಅವರಿಗೂ ಕಾರಣ ಇತ್ತೇನೋ.

ಕೊನೆಯಲ್ಲಿ ದೊಡ್ಡವರು ಮಕ್ಕಳು ಎಲ್ಲ ಸೇರಿ ಹಿಮದಲ್ಲಿ ಫುಟ್‌ಬಾಲ್ ಆಡುತ್ತಾರೆ, ಅಬ್ಬಾ ತಂಡದ ‘ಎಸ್ಓಎಸ್’ ಹಾಡು ಕೇಳುತ್ತದೆ. ಅಂದು ಹಾಲಿನಲ್ಲಿ ಎಲ್ಲರೂ ಎದ್ದು ನಿಂತಿದ್ದೆವು.

ಹೋದ ತಿಂಗಳು ಕಾಲೇಜಿಗೆ ಹೋಗಿದ್ದೆ. ಕಟ್ಟಡ ಚೆನ್ನಾಗಿದೆ, ಲ್ಯಾಬುಗಳು ಜಾಸ್ತಿ ಆಗಿವೆ. ಶನಿವಾರ ಸಂಜೆ ಮಾತ್ರ ಪ್ಲೇಸ್‌ಮೆಂಟ್ ತರಬೇತಿಗೆ ಹೋಗಿದೆ. ಹಾಸ್ಟೆಲಿನ ಹುಡುಗರು ತಮ್ಮ ತಮ್ಮ ಮೊಬೈಲಿನಲ್ಲಿ ತಮ್ಮ ತಮ್ಮ ಸಿನಿಮಾ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಒಟ್ಟಿಗೆ ಕೂರಿಸಿ, ನಡುವೆ ನಿಲ್ಲಿಸಿ ಕೇಳುವವರು ಬೇಕಲ್ವಾ? ತಿಂಗಳಿಗೊಂದು ಶನಿವಾರ ಆ ಸೆಮಿನಾರ್ ಹಾಲ್ ಬಿಟ್ಟುಕೊಡಿ ಅಂತ ಪ್ರಾಂಶುಪಾಲರನ್ನು ಕೇಳಿದ್ದೇನೆ. ಪ್ರೊಜೆಕ್ಟರ್ ಕೊಡಿಸಲು ನಮ್ಮ ಬ್ಯಾಚು ಸಿದ್ಧವಿದೆ.